ಬಣ್ಣವಿಲ್ಲದ ಬೆರಳು

ಪೆರಿಲೋವಾ, ನಿಸ್ತ್ರು ನದಿಯ ದಂಡೆ
ಸಂತ ಗೆಯೋರ್ಗೆಯ ದಿನ, ಮೇ 6, 1993

ನನ್ನ ಮುದ್ದು ವಾರ್ಯಾ,

ಕ್ರಿಸ್ತ ಎದ್ದುಬಂದಿದ್ದಾನೆ! ನೀನು ಉತ್ತರ ಕೊಡುವವಳಲ್ಲ, ಗೊತ್ತು. ‘ನಿಜವಾಗಿ ಎದ್ದುಬಂದಿದ್ದಾನೆ’ ಅನ್ನುವುದನ್ನೂ ನಾನೇ ಬರೆದುಬಿಡುತ್ತೇನೆ, ನಿನ್ನ ನಾಲಿಗೆಗೆ ಶ್ರಮ ಬೇಡ.

ನಿನ್ನ ಎರಡು ಕಾಗದ ಬಂದು ಮರಿಯಮ್ಮನ ಪಟದ ಹಿಂದೆ ಕೂತಿವೆ. ದಿನಾ ಬೆಳಿಗ್ಗೆ ಮೂತಿ ತೋರಿಸಿ ನನ್ನನ್ನು ಬೈಯುತ್ತವೆ. ಕಣ್ಣು ಮಂಜು, ಮೇಕೆ ಮರಿ ಹಾಕಿತು, ಮಸಿ ಒಣಗಿತು ಅಂತ ಬರೆಯಬಹುದಿತ್ತು. ಮೇಕೆ ಮರಿ ಹಾಕಿದ್ದಂತೂ ನಿಜ, ಎರಡು. ಆದರೆ ತಡವಾದದ್ದು ಅದಕ್ಕಲ್ಲ. ಕಾರಣ ಕೆಳಗೆ ಬರುತ್ತದೆ, ಅವಸರ ಮಾಡಬೇಡ. ನನ್ನ ಅಕ್ಷರವನ್ನು ನಿಧಾನವಾಗಿ ಓದು. ನಾನು ಕಲಿತದ್ದು ನಾಲ್ಕು ಕ್ಲಾಸು, ಅದೂ ರೊಮೇನಿಯಾದ ರಾಜನ ಕಾಲದಲ್ಲಿ. ನಿನ್ನ ಕಾಲಕ್ಕೆ ಆ ಅಕ್ಷರ ಹೋಗಿ ರಷ್ಯದ್ದು ಬಂತು, ಈಗ ಮತ್ತೆ ನನ್ನದೇ ಬಂದಿದೆ. ಹಳೇ ಕೋಟು ಬಿಸಾಡದೆ ಇಟ್ಟುಕೊಂಡರೆ ಒಂದಲ್ಲ ಒಂದು ಚಳಿಗೆ ಬೇಕಾಗುತ್ತದೆ ನೋಡು.

ಸೇಬಿನ ಮರದ ಕೆಳಗೆ ಕೂತಿದ್ದೇನೆ. ಒಂದು ಸಾಲು ಬರೆಯುವಷ್ಟರಲ್ಲಿ ಎರಡು ದಳ ಉದುರಿ ಅದರ ಮೇಲೆ ಕೂರುತ್ತವೆ. ಊದಿ ಮುಂದಿನದನ್ನು ಬರೆಯಬೇಕು. ನಡುವೆ ಕಣ್ಣು ಎಳೆಯುತ್ತದೆ. ನದಿಯ ಮೇಲಿನ ಮಂಜು ಬೇಲಿಯವರೆಗೆ ಬಂದು ನಿಂತಿರುತ್ತದೆ, ಅದರೊಳಗಿಂದ ಯಾವುದೋ ಹುಡುಗಿ ಮೇಕೆಯನ್ನು ಕರೆಯುತ್ತಾಳೆ. ಎಂಟು ವರ್ಷದ ನೀನೋ, ಹತ್ತು ವರ್ಷದ ನಿನ್ನ ಮಗಳೋ, ಒಂದು ಗಳಿಗೆ ತಿಳಿಯುವುದಿಲ್ಲ. ಆ ಒಂದು ಗಳಿಗೆ ಬಹಳ ಸುಖವಾಗಿರುತ್ತದೆ. ಆಮೇಲೆ ಸಾಂದಾ ಮಂಜಿನಿಂದ ಹೊರಗೆ ಬರುತ್ತಾಳೆ, ಮೊಣಕಾಲೆಲ್ಲ ಕೆಸರು.

ಆಟದ ಮನೆ ಮಾಡಿಕೊಂಡಿದ್ದ ನಮ್ಮ ಚರ್ಚನ್ನು ಶಾಲೆಯವರು ಕೊನೆಗೂ ಬಿಟ್ಟುಕೊಟ್ಟರು. ನೀವು ಚೆಂಡು ಎಸೆಯುತ್ತಿದ್ದ ಕಬ್ಬಿಣದ ಬಳೆ ಇನ್ನೂ ಗೋಡೆಯಲ್ಲೇ ಇದೆ. ಸುಣ್ಣ ಕೆರೆದಂತೆಲ್ಲ ಗೋಡೆಗೆ ಬರೆದಿದ್ದ ಹಳೇ ಸಂತರು ಹೊರಗೆ ಬರುತ್ತಿದ್ದಾರೆ. ಮೊದಲು ಒಂದು ಕಣ್ಣು, ಎರಡು ದಿನ ಬಿಟ್ಟು ಗಡ್ಡ. ಸಾಂದಾ ನೋಡಿ ಕೇಳಿದಳು:

“ಅಜ್ಜೀ, ಇವರೆಲ್ಲ ಇಷ್ಟು ವರ್ಷ ಸುಣ್ಣದ ಹಿಂದೆ ನಿಂತು ಮಕ್ಕಳು ಕುಪ್ಪಳಿಸೋದನ್ನೇ ನೋಡ್ತಿದ್ರಾ?”

“ಹೂಂ ಮತ್ತೆ. ಅದಕ್ಕೇ ಮುಖ ಅಷ್ಟು ದಣಿದಿದೆ,” ಅಂದೆ.

ಈಗ ವಿಷಯಕ್ಕೆ ಬರುತ್ತೇನೆ. ಅವಳನ್ನು ನನ್ನ ಹತ್ತಿರ ಬಿಟ್ಟು ಪಟ್ಟಣಕ್ಕೆ ಆ ಕರೆಂಟು ತಂತಿಯ ಟ್ರಾಲಿಬಸ್ ಓಡಿಸಲು ಹೋದಾಗ ನೀನು ಒಂದೇ ಮಾತು ಹೇಳಿದ್ದೆ: “ಅಮ್ಮಾ, ಅವಳನ್ನ ಪ್ರಾರ್ಥನೆಗೂ ಎಳೀಬೇಡ, ಪ್ರಾರ್ಥನೆಯಿಂದ್ಲೂ ಎಳೀಬೇಡ. ಶಾಲೆಯಲ್ಲಿ ಯಾರಾದ್ರೂ ಅವಳ ಬಾಯಿಗೆ ಕೈ ಹಾಕಿದ್ರೆ ಬರಿ, ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ.” ಕೈ ಹಾಕಿದ್ದಾರೆ, ವಾರ್ಯಾ. ನಿನ್ನ ಮಗಳು ಶಾಲೆಗೆ ಹೋಗಿ ಹದಿನಾರು ದಿನವಾಯಿತು. ಬರೆದರೆ ನೀನು ಬರುತ್ತೀ, ಬಂದರೆ ಕಿಟಕಿ ಪಕ್ಕದ ಮಂಚ ಖಾಲಿಯಾಗುತ್ತದೆ. ಮಸಿ ಒಣಗಿದ್ದು ಅದಕ್ಕೆ.

ತಪ್ಪು ಶುರುವಾದದ್ದು ನನ್ನಿಂದಲೇ. ಕ್ರಿಸ್ತ ಎದ್ದ ಹಬ್ಬದ ಹಿಂದಿನ ಗುರುವಾರ ಅಜ್ಜಿ ಮೊಮ್ಮಗಳು ಸೇರಿ ಮೊಟ್ಟೆಗೆ ಬಣ್ಣ ಹಾಕಿದೆವು. ಚಳಿಗಾಲವಿಡೀ ಕೂಡಿಟ್ಟ ಈರುಳ್ಳಿ ಸಿಪ್ಪೆಯನ್ನು ಮಡಕೆಯಲ್ಲಿ ಕುದಿಸಿ, ಮೊಟ್ಟೆಗೆ ಎಲೆ ಕಟ್ಟಿ ಮುಳುಗಿಸಿ ತೆಗೆದೆವು. ಎಲೆ ಬಿಚ್ಚಿದಾಗ ಕೆಂಪಿನ ಮೇಲೆ ಎಲೆಯ ನರ ಕೂಡ ಮೂಡಿತ್ತು. ಸಾಂದಾಳ ಹತ್ತೂ ಬೆರಳು ತಾಮ್ರದ ಹಾಗಾಗಿತ್ತು. ಮಾಡಬಾರದ ಕೆಲಸ ಮಾಡಿದ್ದು ಶನಿವಾರ. ಅವಳನ್ನು ತೊಟ್ಟಿಯ ಹತ್ತಿರ ಕೂರಿಸಿ, ಒಲೆಯ ಬೂದಿ, ಹುಳಿ ಎಲೆಕೋಸಿನ ನೀರು ಹಾಕಿ ಒಂದೊಂದೇ ಬೆರಳು ಉಜ್ಜಿದೆ. ಉಗುರಿನ ಸಂದಿಯನ್ನೂ ಬಿಡಲಿಲ್ಲ. “ಅಜ್ಜೀ, ಯಾಕೆ?” ಅಂದಳು. “ಸುಮ್ನಿರು, ಸೋಮವಾರ ನೋಡ್ತಾರೆ,” ಅಂದೆ. ಯಾರು ನೋಡುತ್ತಾರೆ? ಹಬ್ಬದ ಸೋಮವಾರ ಈಗ ರಜಾ! ಕೈ ನೋಡಿ ಮನೆಯಲ್ಲಿ ಹಬ್ಬ ಮಾಡಿದವರನ್ನು ಹಿಡಿಯುವ ಸರ್ಕಾರ ಹೋಗಿ ಎರಡು ವರ್ಷವಾಯಿತು. ನನ್ನ ತಲೆಗೆ ಅದು ಗೊತ್ತು. ಕೈಗೆ ಯಾರೂ ಹೇಳಿರಲಿಲ್ಲ.

ಮಂಗಳವಾರ ಶಾಲೆಗೆ ಹೋದಳು. ಹನ್ನೊಂದು ಗಂಟೆಗೆಲ್ಲ ಚೀಲ ಹೆಗಲಿಗೆ ಹಾಕಿಕೊಂಡು ವಾಪಸ್ಸು. ಮೆಕ್ಕೆಜೋಳದ ಮುದ್ದೆ, ಚೀಸು ಇಟ್ಟೆ, ಮುಟ್ಟಲಿಲ್ಲ. ಮೇಕೆಯ ಹಗ್ಗ ಬಿಚ್ಚಿ ನದಿಗೆ ಹೋದಳು. ಹಿಂದೆಯೇ ಹೋಗಿ ದಂಡೆಯಲ್ಲಿ ಪಕ್ಕಕ್ಕೆ ಕೂತೆ. ನಡೆದದ್ದನ್ನು ನೀರಿಗೆ ಹೇಳುವ ಹಾಗೆ ಹೇಳಿದಳು.

ನಿನ್ನ ಕ್ಲಾವ್ದಿಯಾ ಪೆತ್ರೊವ್ನಾ ಈಗ ಹೆಡ್‌ಮಿಸ್ಟ್ರೆಸ್. ನಿನಗೆ ಎರಡನೇ ಕ್ಲಾಸಿನಲ್ಲಿ ಪಾಠ ಮಾಡಿದ ಅದೇ ಹೆಂಗಸು, ಜಡೆ ಬೆಳ್ಳಗಾಗಿದೆ ಅಷ್ಟೆ. ಅವತ್ತು ಕ್ಲಾಸಿಗೆ ಬಂದು, “ಮಕ್ಕಳೇ, ಕೈ ಚಾಚಿ” ಅಂದಳಂತೆ. ಅದೇ ಮಾತು! “ಬೆರಳು ಕೆಂಪಗಿರೋರು ಕೂತ್ಕೊಳ್ಳಿ. ಬಿಳಿ ಇರೋರು ನಿಂತ್ಕೊಳ್ಳಿ.” ನಿಂತವಳು ನಮ್ಮ ಸಾಂದಾ ಒಬ್ಬಳೇ.

“ನಿಮ್ಮನೇಲಿ ಹಬ್ಬ ಇಲ್ವೇನೇ? ಇರುತ್ತೆ ಹೇಗೆ! ನಿಮ್ಮಮ್ಮ ನಿನಗಿಂತ ಚಿಕ್ಕೋಳಿದ್ದಾಗ ಇದೇ ಕ್ಲಾಸಲ್ಲಿ ಬೆಂಚು ಹತ್ತಿ ದೇವರಿಲ್ಲ ಅಂದೋಳು,” ಅಂದಳಂತೆ. ಆಮೇಲೆ, “ಮರಿಯಮ್ಮನ ಪಟದ ಕಡೆ ತಿರುಗು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಗಟ್ಟಿಯಾಗಿ ಹೇಳು. ಹೇಳೋವರೆಗೂ ಕೂರೋ ಹಾಗಿಲ್ಲ.”

ಸಾಂದಾ ಬಾಯಿ ತೆರೆಯಲಿಲ್ಲ. ಗಂಟೆ ಹೊಡೆಯುವವರೆಗೂ ನಿಂತು, ಚೀಲ ತೆಗೆದುಕೊಂಡು ಬಂದುಬಿಟ್ಟಳು.

“ನಿನಗೆ ಆ ಪ್ರಾರ್ಥನೆ ಬರುತ್ತಲ್ಲೇ,” ಅಂದೆ. ನಾನು ಕಲಿಸಿದ್ದಲ್ಲ, ಸತ್ಯವಾಗಿ. ನಾನು ಗೊಣಗುವುದನ್ನು ಕೇಳಿ ಕೇಳಿ ಹಿಡಿದುಕೊಂಡಿದ್ದಾಳೆ.

“ಬರುತ್ತೆ. ಅದನ್ನ ನಾನು ಹೊದಿಕೆ ಒಳಗೆ ಹೇಳ್ಕೋತೀನಿ. ಕೈ ನೋಡಿದೋರ ಮುಂದೆ ಯಾಕೆ ಹೇಳ್ಲಿ?”

ಮಾರನೇ ದಿನ ಶಾಲೆಗೆ ಹೋದೆ. ದಾರಿಯುದ್ದಕ್ಕೂ ಹೂವು ಬಿದ್ದು ಹಾಲಿನಲ್ಲಿ ನಡೆದ ಹಾಗಾಗುತ್ತಿತ್ತು, ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸಲಿಲ್ಲ. ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತೆ. ಮರಿಯಮ್ಮನ ಪಟ ನೇತುಹಾಕಿದ ಮೊಳೆಯ ಗುರುತು ಹತ್ತಿತು, ಹಿಂದಿನ ಸರ್ಕಾರದ ಬೋಳುತಲೆಯ ನಾಯಕ ನೇತಾಡುತ್ತಿದ್ದ ಮೊಳೆಯೇ. ಬಿಸಿಲು, ಸೀಮೆಸುಣ್ಣದ ವಾಸನೆ, ಕಣ್ಣು ಮುಚ್ಚಿಕೊಂಡಿತು. ರಾಜನ ಕಾಲದ, ಕಪ್ಪು ನಿಲುವಂಗಿಯ ನಮ್ಮ ಪಾದ್ರಿ ಮೇಷ್ಟ್ರು ರೂಲುಕೋಲು ಹಿಡಿದು ಸಾಲಿನ ನಡುವೆ ಬಂದರು. ಪ್ರಾರ್ಥನೆಯಲ್ಲಿ ಒಂದು ಮಾತು ನುಂಗಿದ್ದಕ್ಕೆ ನನ್ನ ಅಂಗೈ ಕೇಳಿದರು. ಚಾಚಿದೆ. ಪಕ್ಕದ ಬೆಂಚಿನಲ್ಲಿ ನೀನೂ ಚಾಚಿದ್ದೆ, ಅದರಾಚೆ ಸಾಂದಾ. ಮೂರು ಸರ್ಕಾರ ನೋಡಿದೆ ಮಗಳೇ, ಮೂರಕ್ಕೂ ಮಕ್ಕಳ ಕೈಯೇ ಬೇಕಾಯಿತು.

“ತೆಕ್ಲಾ ಅಕ್ಕಾ! ಕ್ರಿಸ್ತ ಎದ್ದುಬಂದಿದ್ದಾನೆ!” ಕಣ್ಣು ಬಿಟ್ಟರೆ ಕ್ಲಾವ್ದಿಯಾ ನಿಂತಿದ್ದಾಳೆ.

“ನಿಜವಾಗಿ ಎದ್ದುಬಂದಿದ್ದಾನೆ, ಕಾಮ್ರೇಡ್ ಕ್ಲಾವ್ದಿಯಾ ಪೆತ್ರೊವ್ನಾ.”

“ಈಗ ಮೇಡಂ ಅಂತಾರೆ, ಅಕ್ಕಾ.”

“ನನ್ನ ನಾಲಿಗೆಗೆ ವಯಸ್ಸಾಗಿದೆ. ನಿನ್ನಷ್ಟು ಬೇಗ ಬಟ್ಟೆ ಬದಲಾಯಿಸೋಕೆ ಆಗಲ್ಲ.”

ನಗಲು ನೋಡಿದಳು. ನಾನು ಬಿಡಲಿಲ್ಲ. “ಮಕ್ಕಳ ಕೈ ನೋಡು ಅಂತ ಈ ಸಲ ಯಾರು ಹೇಳಿದ್ರು ನಿಂಗೆ?”

ಕಿಟಕಿಯ ಕಡೆ ತಿರುಗಿದಳು. “ಯಾರೂ ಹೇಳಿಲ್ಲ ಅಕ್ಕಾ. ಆಗ ಜಿಲ್ಲೆಯಿಂದ ಕಾಗದ ಬರ್ತಿತ್ತು, ಇದು ಮಾಡು, ಅದು ಮಾಡ್ಬೇಡ ಅಂತ. ಈಗೇನೂ ಬರಲ್ಲ. ಪಟ್ಟಣದೋರು ಶಾಲೆ ಬೇರೆ, ಚರ್ಚು ಬೇರೆ ಅಂತಾರೆ. ಊರೋರು ಶಾಲೇಲಿ ಪಟ ಯಾಕಿಲ್ಲ ಅಂತಾರೆ. ಚರ್ಚಿನ ಗೋಡೆಗೆ ಸುಣ್ಣ ಬಳಿಸಿದೋಳು ಇವಳೇ ಅಂತ ನನ್ನ ಹಿಂದೆ ಆಡ್ಕೋತಾರೆ. ನಂಗೆ ಭಯ. ಗೊತ್ತಿದ್ದ ಕೆಲಸ ಅದೊಂದೇ, ಅದನ್ನೇ ತಿರುವಿ ಹಾಕಿದೆ.”

“ರೊಟ್ಟಿ ತಿರುವಿ ಹಾಕಿದ ಹಾಗಾ? ಕೆಳಗಿರೋ ಕೆಂಡ ಅದೇ ಅಲ್ವೇನೇ! ಸುಡೋದೂ ಅದೇ ಮಕ್ಕಳು. ಕೇಳು, ಅವಳ ಕೈ ಉಜ್ಜಿದೋಳು ನಾನು. ನಿಂಗೆ ಹೆದರಿ ಉಜ್ಜಿದ್ದು.”

ಅವಳ ಮುಖ ಒಂದು ಸಲ ಸಣ್ಣದಾಯಿತು. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಕುರ್ಚಿಯ ಮೇಲೆ ಕೂತದ್ದೇ ಮತ್ತೆ ಮೇಡಂ ಆದಳು. ಈ ತಿಂಗಳ ಹದಿನಾರನೇ ತಾರೀಕು, ಭಾನುವಾರ, ಪಾದ್ರಿಗಳು ಬಂದು ಶಾಲೆಗೆ ಪವಿತ್ರ ಜಲ ಚಿಮುಕಿಸುತ್ತಾರಂತೆ. ಮಕ್ಕಳೆಲ್ಲ ಸಾಲಾಗಿ ನಿಂತು ಪ್ರಾರ್ಥನೆ ಹೇಳಬೇಕಂತೆ. “ಹೇಳದೇ ಇರೋರ ತಾಯಿ ಬರೆದು ಕೊಡ್ಲಿ ಅಕ್ಕಾ, ನಾವು ದೇವರನ್ನ ನಂಬೋರಲ್ಲ ಅಂತ. ಆಗ ನನ್ನ ಮೇಲೆ ಮಾತು ಬರಲ್ಲ. ಕಾಗದ ತರೋವರೆಗೆ ಹುಡುಗಿ ಹೊರಗೆ ಕಾರಿಡಾರಲ್ಲಿ ಕೂರ್ಲಿ.”

“ಅವತ್ತು ಎಂಟು ವರ್ಷದ ಕೂಸಿನ ಬಾಯಲ್ಲಿ ಹೇಳಿಸಿದೆ. ಇವತ್ತು ಅದನ್ನೇ ಬರೆದು ಸಹಿ ಹಾಕಿ ಕೊಡ್ಬೇಕಾ ನಿಂಗೆ?” ಅಂದೆ.

ಹೊರಗೆ ಮಕ್ಕಳ ಗದ್ದಲ ದೂರದ ನೀರಿನ ಸದ್ದಿನ ಹಾಗೆ ಕೇಳುತ್ತಿತ್ತು. ಕೊನೆಗೆ, “ಹಿಂದಿನ ಬೆಂಚಲ್ಲಿ ಕೂರ್ಲಿ, ಯಾರೂ ಮಾತಾಡ್ಸಲ್ಲ,” ಅಂದಳು. “ಅವಳ ಜಾಗ ಮೂರನೇ ಸಾಲು. ಕೂತರೆ ಅಲ್ಲೇ ಕೂರ್ತಾಳೆ,” ಅಂತ ಹೇಳಿ ಎದ್ದು ಬಂದೆ. ಅಲ್ಲಿಂದ ಇಲ್ಲಿಯವರೆಗೆ ಅವರೂ ಕರೆದಿಲ್ಲ, ಇವಳೂ ಹೋಗಿಲ್ಲ.

ಹೊಸ ಪಾದ್ರಿ ಒಳ್ಳೆಯ ಹುಡುಗ, ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ. ಅವನಿಗೂ ಹೇಳಿದೆ: “ಫಾದರ್, ದೇವರಿಗೆ ಹಾಜರಿ ಪುಸ್ತಕ ಬೇಕಾ?” ತಲೆ ತಗ್ಗಿಸಿ, “ನನಗೆ ಬೇಡ ಅಜ್ಜೀ, ಆದರೆ ಶಾಲೆ ನನ್ನ ಮನೆಯಲ್ಲವಲ್ಲ,” ಅಂದ. ಅಷ್ಟಾದರೂ ತಿಳಿದಿದೆ.

ವಾರ್ಯಾ, ನಾನು ದಿನಕ್ಕೆ ಮೂರು ಸಲ ಶಿಲುಬೆ ಗುರುತು ಹಾಕುವ ಮುದುಕಿ. ಶಾಲೆಯ ಗೋಡೆಯ ಮೇಲೆ ಮರಿಯಮ್ಮನನ್ನು ಕಂಡರೆ ನನಗೇನು ಹೊಟ್ಟೆಯುರಿಯೇ? ಆದರೆ ಆ ಪಟದ ಕಡೆ ಬೆನ್ನು ಮಾಡಿ ಮಗು ಮನೆಗೆ ಬಂದದ್ದನ್ನು ನೋಡಿದೆ. ಮುಂದೆ ಹೊದಿಕೆಯೊಳಗೂ ಅವಳು ಸುಮ್ಮನಾದರೆ? ಅದೇ ನನ್ನ ಹೆದರಿಕೆ.

ಶನಿವಾರದ ಬಸ್ಸಿಗೆ ಬಾ. ಯಾವ ಕಾಗದಕ್ಕೂ ಸಹಿ ಹಾಕಬೇಡ, ನಂಬುತ್ತೇವೆ ಅಂತಲೂ ಬೇಡ, ನಂಬುವುದಿಲ್ಲ ಅಂತಲೂ ಬೇಡ. ಸಾಂದಾಳನ್ನು ಕೂರಿಸಿಕೊಂಡು ಕೇಳು, ಅವಳಿಗೆ ಏನು ಬೇಕು ಅಂತ. ನಮ್ಮ ಕಾಲದಿಂದ ಯಾರೂ ಮಗುವನ್ನು ಕೇಳಿದ್ದಿಲ್ಲ. ಇಲ್ಲೇ ಇರುತ್ತೇನೆ ಅಂದರೆ ನಾವಿಬ್ಬರೂ ಅವಳ ಎಡಬಲಕ್ಕೆ ನಿಂತು ಮೂರನೇ ಸಾಲಿನಲ್ಲಿ ಕೂರಿಸಿ ಬರೋಣ. ನಿನ್ನ ಜೊತೆ ಬರುತ್ತೇನೆ ಅಂದರೆ ಅವಳ ಬಟ್ಟೆ ಒಗೆದು ಮಡಚಿಟ್ಟಿದ್ದೇನೆ. ನಾನು ಅಳುವುದಿಲ್ಲ. ಅತ್ತರೂ ಮೇಕೆಯ ಕೊಟ್ಟಿಗೆಯಲ್ಲಿ ಅಳುತ್ತೇನೆ.

ನಿನ್ನ ಬಸ್ಸಿನ ಕೊಂಬು ತಂತಿಯಿಂದ ಜಾರದಿರಲಿ, ನಿನ್ನ ಕಾಲು ಬೆಚ್ಚಗಿರಲಿ, ಹಾಸ್ಟೆಲಿನ ಒಲೆಯ ಸರದಿ ನಿನಗೆ ಮೊದಲು ಸಿಗಲಿ. ದೇವರ ಹೆಸರು ಹಾಕದೆಯೇ ಹರಸಿದ್ದೇನೆ ನೋಡು, ತೆಗೆದುಕೊಳ್ಳಲು ನಿನಗೆ ಕಷ್ಟವಾಗಬಾರದು.

ನಿನ್ನ ಅಮ್ಮ,
ತೆಕ್ಲಾ

ಇನ್ನೊಂದು ಮಾತು. ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ಬೆಂಚಿನ ಮೇಲೆ ಹೇಳಬೇಕಾದ ಮಾತನ್ನು ನಿನಗೆ ಕಲಿಸಿದವಳು ಕ್ಲಾವ್ದಿಯಾ ಅಲ್ಲ, ನಾನು. ಹಿಂದಿನ ದಿನ ನಿನ್ನ ಬೆರಳು ಉಜ್ಜುತ್ತ, “ಕೇಳಿದ್ರೆ ದೇವರಿಲ್ಲ ಅನ್ನು, ನಮ್ಮಮ್ಮ ದಡ್ಡಿ ಅನ್ನು, ಅವನೇನೂ ಬೇಜಾರು ಮಾಡ್ಕೊಳ್ಳಲ್ಲ,” ಅಂದಿದ್ದೆ. ನೀನು ಹೇಳಿದೆ, ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಓಡಿ ಬಂದು ಹೊಸ್ತಿಲಲ್ಲಿ ನಿಂತು, “ಅಮ್ಮಾ, ನೀನು ಹೇಳಿಕೊಟ್ಟ ಹಾಗೇ ಹೇಳ್ದೆ,” ಅಂತ ಇನ್ನೊಂದು ಸಲ ಹೇಳಿ ತೋರಿಸಿದೆ. ಅಷ್ಟು ಚೆನ್ನಾಗಿ ಹೇಳಿದೆ, ವಾರ್ಯಾ, ನಾನು ನಂಬಿಬಿಟ್ಟೆ. ಕೆನ್ನೆಗೆ ಹೊಡೆದೆ. ನೀನು ಯಾಕೆ ಅಂತ ಕೇಳಲಿಲ್ಲ, ನಾನು ಹೇಳಲಿಲ್ಲ. ಅವತ್ತಿನಿಂದ ನೀನು ನನ್ನ ಪಕ್ಕ ಪ್ರಾರ್ಥನೆಗೆ ನಿಂತಿಲ್ಲ. ಶಾಲೆ ಹುಡುಗಿಯನ್ನು ಕೆಡಿಸಿತು ಅಂತ ಊರು ಅಂದಿತು, ಮೂವತ್ತೊಂದು ವರ್ಷ ನಾನೂ ಹಾಗೇ ಅಂದುಕೊಂಡು ಬಂದೆ. ಶಾಲೆಯಲ್ಲಿ ನಿನ್ನನ್ನು ಯಾರೂ ಹೊಡೆದಿರಲಿಲ್ಲ.