ಮುಚ್ಚಿದವರಿಗೆ ಬಲಗಡೆ ಸೀಟು

ಅತ್ತಿಗೆಯವರಿಗೆ,

ನೆಲದ ಮೇಲಿನಿಂದ ನಿಮ್ಮ ನಾದಿನಿ ಬರೆಯುತ್ತಿರುವ ಪತ್ರವಿದು. ಈ ಹೊತ್ತಿನಲ್ಲಿ ನೀವು ನನ್ನ ಸೀಟಿನಲ್ಲಿ ಕುಳಿತು, ನನ್ನ ತಲೆಯ ಮೇಲೆಯೇ ಸುತ್ತು ಹಾಕುತ್ತಿದ್ದೀರಿ. ನಾನು ಹ್ಯಾಂಗರಿನ ಬಾಗಿಲ ಬಳಿ, ಸ್ಪ್ಯಾನರುಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೂಲೆಯೊಂದನ್ನು ಒರೆಸಿಕೊಂಡು ಕುಳಿತಿದ್ದೇನೆ. ಎಂಜಿನ್ನಿನ ಸದ್ದು ದೂರ ಸರಿಯುತ್ತದೆ, ತಿರುಗಿ ಹತ್ತಿರ ಬರುತ್ತದೆ. ಇಷ್ಟು ವರ್ಷ ಅದನ್ನು ಬಿಚ್ಚಿ ಜೋಡಿಸಿದವಳು ನಾನು. ಆದರೆ ರಿಪೇರಿಯಾದ ಮೇಲಿನ ಮೊದಲ ಹಾರಾಟದಲ್ಲಿ ಅದರ ಸದ್ದನ್ನು ಹೊರಗೆ ನಿಂತು ಕೇಳುತ್ತಿರುವುದು ಇದೇ ಮೊದಲು. ಚೆನ್ನಾಗಿಯೇ ಕೇಳಿಸುತ್ತಿದೆ. ಸಹಿಸಲಾಗದಿರುವುದು ಅದೇ.

ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ಇದು ನಿಮಗೆ ಗೊತ್ತಿರುವ ವಿಷಯವೇ ಆದರೂ ನನ್ನ ಕೈಬರಹದಲ್ಲಿ ಇರಲಿ ಎಂದು ಬರೆದಿದ್ದೇನೆ. ಸದಾ ತರಗತಿಗೆ ಮೊದಲನೆಯವಳಾಗಿಯೇ ಬೆಳೆದವಳಿಗೆ ಹೊಟ್ಟೆಕಿಚ್ಚು ಅಭ್ಯಾಸವಿರುವುದಿಲ್ಲ. ಅದು ಎರಡನೆಯವರು ಕಲಿಯುವ ಪಾಠ. ವಿಮಾನ ನಿರ್ವಹಣೆಯ ಪರೀಕ್ಷೆಯಲ್ಲಿ ಇಡೀ ಕಾಲೇಜನ್ನು ಹಿಂದೆ ಹಾಕಿ ಪರವಾನಗಿ ಪಡೆದ ನಾನು, ಈ ಪಾಠವನ್ನು ಅ ಆ ಇ ಈಯಿಂದ ನಿಮ್ಮಿಂದ ಕಲಿಯಬೇಕಾಯಿತು.

ನೀವು ಬರುವುದಕ್ಕೆ ಮೊದಲಿನ ಕಥೆಯನ್ನು ಅಣ್ಣ ನಿಮಗೆ ತನ್ನ ರೀತಿಯಲ್ಲಿ ಹೇಳಿರುತ್ತಾನೆ. ತನ್ನ ಡ್ರೈವಿಂಗ್ ಶಾಲೆಯ ಕಾರೊಂದನ್ನು ಮಾರಿ, ಯಾವುದೋ ಫ್ಲೈಯಿಂಗ್ ಕ್ಲಬ್ಬಿನ ಹಿತ್ತಲಿನಲ್ಲಿ ಟೈರು ಇಳಿದು ನಿಂತಿದ್ದ ಎರಡು ಸೀಟಿನ ವಿಮಾನವನ್ನು ಅವನು ತಂದಾಗ, ಅಮ್ಮ ಅದರ ಸುತ್ತ ಒಂದು ಸಲ ಬಂದು, "ಇದಕ್ಕಿಂತ ನಮ್ಮ ಹಳೇ ಮಿಕ್ಸಿ ಜಾಸ್ತಿ ಹಾರುತ್ತೆ" ಅಂದಿದ್ದರು. ಬಾಲದೊಳಗೆ ಹಕ್ಕಿಗೂಡಿತ್ತು. ನಾನಾಗ ಇನ್ನೂ ವಿದ್ಯಾರ್ಥಿನಿ. ಬೆಳಿಗ್ಗೆ ಓದಿದ್ದನ್ನು ಸಂಜೆ ಅದರ ಮೇಲೆ ಪ್ರಯೋಗಿಸುತ್ತಿದ್ದೆ. ನನ್ನ ಕೆಲಸವನ್ನು ಹಿರಿಯ ಎಂಜಿನಿಯರೊಬ್ಬರು ಪರೀಕ್ಷಿಸಿ ಸಹಿ ಹಾಕುತ್ತಿದ್ದರು. ಎಂಜಿನ್ನಿನ ಮುಚ್ಚಳವನ್ನು ಮೊದಲ ಬಾರಿಗೆ ಮುಚ್ಚಿದ ದಿನ ಅಣ್ಣ ರೆಕ್ಕೆಯ ಮೇಲೆ ಕೈಯಿಟ್ಟು, "ಗ್ಯಾರಂಟಿ ಏನೇ?" ಅಂದ. "ಪಕ್ಕದಲ್ಲಿ ನಾನೇ ಕೂರ್ತೀನಲ್ಲ, ಅದಕ್ಕಿಂತ ಗ್ಯಾರಂಟಿ ಬೇಕಾ?" ಅಂದೆ. ಅಂದಿನಿಂದ ಅದು ನಮ್ಮಿಬ್ಬರ ಕಾನೂನಾಯಿತು: ಮುಚ್ಚಿದವರು ಕೂರಬೇಕು. ಎಂಜಿನ್ ಬಿಚ್ಚಿದ ಪ್ರತಿ ಸಲವೂ, ಮುಚ್ಚಿದ ನಂತರದ ಮೊದಲ ಹಾರಾಟದಲ್ಲಿ ಬಲಗಡೆಯ ಸೀಟು ನನ್ನದು. ಕೈ ಯಾರದೋ ಪ್ರಾಣವೂ ಅವರದೇ ಎಂಬ ಸರಳ ಲೆಕ್ಕ.

ಆಮೇಲೆ ನೀವು ಬಂದಿರಿ. ಹಲ್ಲಿನ ಡಾಕ್ಟರು, ಇಸ್ತ್ರಿ ಕೆಡದ ಬಟ್ಟೆ. ನಾನು ಮುಚ್ಚಳ ಎತ್ತಿದ ತಕ್ಷಣ ನೀವು ಎಂಜಿನ್ನಿನೊಳಗೆ ಬಗ್ಗಿ, "ಆ ಅನ್ನಿ, ಇನ್ನೂ ಸ್ವಲ್ಪ ದೊಡ್ಡದಾಗಿ" ಅಂದಿರಿ. ಅಣ್ಣ ನಗುತ್ತ ಗೋಡೆಗೆ ಒರಗಿಕೊಂಡ. ನನ್ನ ಯಾವ ಮಾತಿಗೂ ಅವನು ಹಾಗೆ ನಕ್ಕಿದ್ದಿಲ್ಲ. ಬಾಲದ ಮೇಲೆ ಬರೆದ ನೋಂದಣಿಯ ಕೊನೆಯ ಎರಡು ಅಕ್ಷರಗಳಿಂದಲೇ ನಾವು ವಿಮಾನವನ್ನು ಕರೆಯುತ್ತಿದ್ದೆವು. ನೀವು "ಮಿಡತೆ" ಅಂದಿರಿ. ವಾರ ಕಳೆಯುವುದರೊಳಗೆ ಅಣ್ಣನ ಬಾಯಲ್ಲೂ ಮಿಡತೆ, ಅಮ್ಮನ ಬಾಯಲ್ಲೂ ಮಿಡತೆ. ಸಂಜೆಯ ಸಣ್ಣಪುಟ್ಟ ಹಾರಾಟಗಳಿಗೆ ನೀವು ಹೋಗಿಬಂದ ಮೇಲೆ ಬಲಗಡೆಯ ಸೀಟು ನಿಮ್ಮ ಕಾಲಿಗೆ ತಕ್ಕಂತೆ ಮುಂದಕ್ಕೆ ಸರಿದಿರುತ್ತಿತ್ತು. ನಾನು ಕುಳಿತರೆ ಮೊಣಕಾಲು ಎದುರಿನ ಹಲಗೆಗೆ ಬಡಿಯುತ್ತಿತ್ತು. ಪ್ರತಿ ಸಲವೂ ಅದನ್ನು ಹಿಂದಕ್ಕೆ ತಳ್ಳುವಾಗ ನನಗೆ ನನ್ನದೇ ಮನೆಯಲ್ಲಿ ಕರೆಗಂಟೆ ಒತ್ತಿ ಕಾಯುತ್ತಿರುವಂತೆ ಅನಿಸುತ್ತಿತ್ತು.

ಒಮ್ಮೆ ಸೀಟಿನ ಕೆಳಗೆ ನಿಮ್ಮ ಹೇರ್‌ಪಿನ್ ಸಿಕ್ಕಿತು. ಅದನ್ನು ಊಟದ ಮೇಜಿನ ನಡುವೆ ಇಟ್ಟು, ಇಂಥದ್ದೊಂದು ಉರುಳಿಹೋಗಿ ಚುಕ್ಕಾಣಿಯ ತಂತಿಗೆ ಸಿಕ್ಕಿಕೊಂಡರೆ ವಿಮಾನ ತಿರುಗುವುದೇ ಇಲ್ಲ ಎಂದು ನಾನು ವಿವರಿಸಿದೆ. ಅಷ್ಟೂ ನಿಜ. ಆದರೆ ಅಷ್ಟು ಹೊತ್ತು ವಿವರಿಸುವ ಅಗತ್ಯವಿರಲಿಲ್ಲ. ನೀವು ಪಿನ್ನನ್ನು ಎತ್ತಿಕೊಂಡು, "ಆಯ್ತು ಇನ್‌ಸ್ಪೆಕ್ಟರಮ್ಮ" ಅಂದಿರಿ. ಆ ಹೆಸರೂ ಮನೆಯಲ್ಲಿ ಉಳಿದುಬಿಟ್ಟಿತು.

ಈ ವರ್ಷದ ತಪಾಸಣೆಗೆ ವಿಮಾನವನ್ನು ಬಿಚ್ಚಿದಾಗ ಅಣ್ಣ ಕಾಫಿ ಲೋಟ ಹಿಡಿದು ಬಂದು, ನನ್ನ ಮುಖ ನೋಡದೆ, "ಈ ಸಲ ಮೊದಲು ಅವಳನ್ನ ಕರ್ಕೊಂಡು ಹೋಗ್ತೀನಿ ಕಣೆ. ಹುಟ್ಟುಹಬ್ಬ ಅವಳದು. ನೀನು ಎಷ್ಟು ಸಲ ಕೂತಿಲ್ಲ ಹೇಳು?" ಅಂದ. ನಾನು ಟಾರ್ಚ್ ಎತ್ತಿಕೊಂಡೆ. ಹುಡುಕತೊಡಗಿದೆ. ಓದಿದ್ದೆಲ್ಲವನ್ನೂ ಬಳಸಿ, ಒಂದು ತಪ್ಪಿಗಾಗಿ ಹುಡುಕಿದೆ. ಸಿಲಿಂಡರುಗಳ ಒತ್ತಡ ಸರಿಯಿತ್ತು, ಪ್ಲಗ್ಗುಗಳು ಸರಿಯಿದ್ದವು, ಸೋಸಿದ ಆಯಿಲಿನಲ್ಲಿ ಲೋಹದ ಒಂದು ಕಣವೂ ಇರಲಿಲ್ಲ. ನನ್ನ ಕೆಲಸದ ಅಚ್ಚುಕಟ್ಟೇ ನನಗೆ ಶತ್ರುವಾಗಿ ನಿಂತಿತ್ತು. ಉಳಿದದ್ದು ಸೈಲೆನ್ಸರಿನ ಹಿಂಬದಿ. ಸಂದಿಗೊಂದಿ ನೋಡುವ ನನ್ನ ಕನ್ನಡಿ ಅಲ್ಲಿಗೆ ಹೋಗುತ್ತಿರಲಿಲ್ಲ. ಊಟದ ಡಬ್ಬಿ ತಂದಿದ್ದ ನೀವು ಕೇಳದೆಯೇ ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ತೆಗೆದುಕೊಟ್ಟಿರಿ. ಅದರಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು.

ಕುಳಿತವರನ್ನು ಬೆಚ್ಚಗಿಡುವ ಹೀಟರಿನ ಗಾಳಿ ಆ ಸೈಲೆನ್ಸರನ್ನು ಸವರಿಕೊಂಡೇ ಒಳಗೆ ಬರುತ್ತದೆ. ಬಿರುಕು ಬಿಟ್ಟರೆ ಅದರೊಂದಿಗೆ ಹೊಗೆಯ ವಿಷಗಾಳಿಯೂ ಬರುತ್ತದೆ; ಅದಕ್ಕೆ ವಾಸನೆಯಿಲ್ಲ, ನಿದ್ದೆ ಮಾತ್ರ ಬರುತ್ತದೆ. ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಅವನು ಲೋಟ ಕೆಳಗಿಟ್ಟು, "ಏನಾದ್ರೂ ಸಿಕ್ಕೇ ಸಿಗುತ್ತೆ ಅಂತ ನಂಗೊತ್ತಿತ್ತು. ಹುಡುಕ್ತಾ ಇದ್ದಿದ್ದೇ ಅದಕ್ಕಲ್ವಾ? ಹೀಟರ್ ಹಾಕಲ್ಲ ಬಿಡು, ಹೋಗಿಬರ್ತೀವಿ" ಅಂದ. ಬಿರುಕು ನಿಜ, ಅವನ ಮಾತೂ ನಿಜ. ಎರಡೂ ನಿಜವಾದ ಪ್ರಶ್ನೆಗೆ ಉತ್ತರ ಬರೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಆಗ ನೀವು ಮಾತಾಡಿದಿರಿ. ಕನ್ನಡಿಯನ್ನು ಒರೆಸುತ್ತಲೇ, "ರೀ, ಹುಳುಕು ಹಲ್ಲು ನೋವಿಲ್ಲ ಅಂತ ಬಿಡ್ತಾರಾ? ಇವಳಿಗೆ ನನ್ನ ಕಂಡ್ರೆ ಆಗಲ್ಲ, ಅದು ಬೇರೆ. ಆದ್ರೆ ತಪ್ಪು ಉತ್ತರ ಬರೆಯೋಕೆ ಇವಳ ಜಂಬ ಒಪ್ಪಬೇಕಲ್ಲ" ಅಂದಿರಿ.

ಅತ್ತಿಗೆ, ಆ ಮಾತಿಗೆ ನಾನು ಕೃತಜ್ಞಳಾಗಿರಬೇಕಿತ್ತು. ಆದರೆ ಹೊಟ್ಟೆಕಿಚ್ಚು ಭುಗಿಲೆದ್ದದ್ದು ಆಗಲೇ. ಹುಟ್ಟಿದಾಗಿನಿಂದ ನನ್ನನ್ನು ನೋಡಿದ ಅಣ್ಣನಿಗೆ ಗೊತ್ತಾಗದ್ದು, ನಿನ್ನೆ ಮೊನ್ನೆ ಬಂದ ನಿಮಗೆ ಗೊತ್ತಾಯಿತು. ಸೀಟನ್ನು ತೆಗೆದುಕೊಂಡಿರಿ, ಹೆಸರನ್ನು ಬದಲಿಸಿದಿರಿ, ಹೋಗಲಿ. ನನ್ನನ್ನು ಅರ್ಥ ಮಾಡಿಕೊಳ್ಳುವ ಹಕ್ಕನ್ನೂ ನಿಮಗೆ ಕೊಟ್ಟವರು ಯಾರು? ನೀವು ನನ್ನನ್ನು ಅನುಮಾನಿಸಿದ್ದರೆ ನಿಮ್ಮನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು.

ಹೊಸ ಸೈಲೆನ್ಸರ್ ಬರುವುದು ತಡವಾಯಿತು. ನಿಮ್ಮ ಹುಟ್ಟುಹಬ್ಬ ನೆಲದ ಮೇಲೆಯೇ ಕಳೆಯಿತು. ನೀವು ಒಂದು ದಿನವೂ ಆ ಮಾತೆತ್ತಲಿಲ್ಲ. ಅದಕ್ಕಾಗಿಯೂ ನಿಮ್ಮ ಮೇಲೆ ನನಗೆ ಸಿಟ್ಟಿದೆ.

ಇಂದು ಬೆಳಿಗ್ಗೆ ಹೊಸ ಸೈಲೆನ್ಸರನ್ನು ಕೂರಿಸುವಾಗ ಟಾರ್ಚ್ ಹಿಡಿದು ನಿಂತವರು ನೀವೇ. ಎಲ್ಲ ಮುಗಿಸಿ, ಎಂಜಿನ್ ಓಡಿಸಿ ನೋಡಿ, ಮುಚ್ಚಳ ಹಾಕಿದೆ. ಒಂದೇ ಒಂದು ಸ್ಕ್ರೂ ಉಳಿದಿತ್ತು. ಕೈ ಜಾರುತ್ತಿತ್ತೆಂದು ತೊಳೆದು ಬರಲು ಹೋದೆ. ತಿರುಗಿ ಬಂದಾಗ ಸ್ಕ್ರೂಡ್ರೈವರ್ ನಿಮ್ಮ ಕೈಯಲ್ಲಿತ್ತು, ಸ್ಕ್ರೂ ಮುಚ್ಚಳದಲ್ಲಿತ್ತು, ಅಣ್ಣ ಮೇಲ್ಛಾವಣಿಯ ತಗಡುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಮುಚ್ಚಿದವರು ಕೂರಬೇಕು ಅಂತ ಯಾರೋ ಹೇಳ್ತಿದ್ರಪ್ಪ" ಅಂದಿರಿ.

"ಒಂದು ಸ್ಕ್ರೂ ತಿರುಗಿಸಿದ್ರೆ ಮುಚ್ಚಿದ ಹಾಗಾಗಲ್ಲ" ಅಂದೆ.

"ಹಾಗಾದ್ರೆ ನೀನೇ ನೋಡು ಇನ್‌ಸ್ಪೆಕ್ಟರಮ್ಮ. ಸರಿಯಿಲ್ಲದಿದ್ರೆ ನಾನು ಬಿಟ್ಟುಕೊಡ್ತೀನಿ."

ನೋಡಿದೆ. ಆ ಸ್ಕ್ರೂ ಸಡಿಲವಾಗಿರಲಿ ಎಂದು ಆಸೆಪಟ್ಟಷ್ಟು ನಾನು ಯಾವ ಪರೀಕ್ಷೆಯ ಫಲಿತಾಂಶಕ್ಕೂ ಆಸೆಪಟ್ಟಿಲ್ಲ. ಅದು ಕದಲಲಿಲ್ಲ. ಅತಿಯಾಗಿ ಬಿಗಿದೂ ಇರಲಿಲ್ಲ. ತಲೆಯ ಮೇಲೆ ಒಂದು ಗೀರೂ ಇರಲಿಲ್ಲ. ಸುಳ್ಳು ಹೇಳಬಹುದಿತ್ತು, ಅಣ್ಣನಿಗೆ ಗೊತ್ತಾಗುತ್ತಿರಲಿಲ್ಲ. ನಿಮಗೆ ಗೊತ್ತಾಗುತ್ತಿತ್ತು. "ಕೂತ್ಕೊಳ್ಳಿ" ಅಂದೆ. ಸೀಟನ್ನು ನಾನೇ ಮುಂದಕ್ಕೆ ಸರಿಸಿ, ಅದು ಗಟ್ಟಿಯಾಗಿ ಕಚ್ಚಿಕೊಂಡಿತೇ ಎಂದು ಅಲುಗಾಡಿಸಿ ನೋಡಿ, ನಿಮ್ಮ ಬೆಲ್ಟ್ ಬಿಗಿದೆ. ನೀವು ನಾನು ಕೇಳುವ ಮೊದಲೇ ಜಡೆಯಿಂದ ಹೇರ್‌ಪಿನ್ನುಗಳನ್ನು ಒಂದೊಂದಾಗಿ ತೆಗೆದು ನನ್ನ ಅಂಗೈಗೆ ಹಾಕಿದಿರಿ.

ಅವು ಈಗ ಈ ಕಾಗದದ ಅಂಚಿನಲ್ಲಿವೆ. ಗಾಳಿಗೆ ಹಾರದಂತೆ ಬರೆದ ಹಾಳೆಗಳನ್ನು ಅವುಗಳಿಂದಲೇ ಒಟ್ಟಿಗೆ ಸಿಕ್ಕಿಸಿದ್ದೇನೆ.

ಇಷ್ಟು ದಿನ ನನ್ನ ಕೈ ತಪ್ಪಿದ್ದರೆ ಅದರ ಫಲ ಮೊದಲು ನನಗೇ ಸಿಗುತ್ತಿತ್ತು. ಹಾಗಾಗಿ ಎಂದೂ ಹೆದರಿರಲಿಲ್ಲ. ಇಂದು ನನ್ನ ಕೆಲಸಕ್ಕೆ ಗ್ಯಾರಂಟಿಯಾಗಿ ಕುಳಿತಿರುವವರು ನೀವು. ಆ ಒಂದು ಸ್ಕ್ರೂ ಮಾತ್ರ ನಿಮ್ಮದು, ಒಳಗಿರುವುದೆಲ್ಲ ನನ್ನದು, ಅದು ಗೊತ್ತಿದ್ದೇ ಕುಳಿತಿರಿ. ನಗುನಗುತ್ತಲೇ ಕುಳಿತಿರಿ. ಸದ್ದು ದೂರವಾದಾಗಲೆಲ್ಲ ನನ್ನ ಪೆನ್ನು ನಿಲ್ಲುತ್ತಿದೆ. ಹೊಟ್ಟೆಕಿಚ್ಚಿನ ಜೊತೆಗೆ ಇದನ್ನೂ ಅನುಭವಿಸಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಎಂಜಿನ್ನಿನ ವೇಗ ಈಗ ತಗ್ಗಿತು. ಅಣ್ಣ ಇಳಿಯಲು ತಿರುಗುತ್ತಿದ್ದಾನೆ. ಈ ಕಾಗದವನ್ನು ನಿಮ್ಮ ಊಟದ ಡಬ್ಬಿಯ ಕೆಳಗೆ ಇಡುತ್ತೇನೆ. ಓದಿದ ಮೇಲೆ ನನ್ನ ಮುಂದೆ ಏನೂ ಹೇಳಬೇಡಿ, ಪಿನ್ನುಗಳನ್ನು ಮಾತ್ರ ತೆಗೆದುಕೊಳ್ಳಿ. ಹೊಟ್ಟೆಕಿಚ್ಚು ಆರಿಲ್ಲ, ಆರಿಸುವ ಉದ್ದೇಶವೂ ನನಗಿಲ್ಲ. ಮುಂದಿನ ಸಲ ಎಂಜಿನ್ ಬಿಚ್ಚಿದಾಗ ಟಾರ್ಚ್ ಹಿಡಿಯಲು ನೀವೇ ಬರಬೇಕು, ಕನ್ನಡಿಯನ್ನೂ ತರಬೇಕು. ಆದರೆ ಕೈ ತೊಳೆಯಲು ಹೋಗುವಾಗ ಕೊನೆಯ ಸ್ಕ್ರೂ ನನ್ನ ಜೇಬಿನಲ್ಲಿರುತ್ತದೆ.

ಮಿಡತೆಯ ಮೂರು ಚಕ್ರಗಳೂ ಮೆತ್ತಗೆ ನೆಲ ಮುಟ್ಟಲಿ, ನಿಮ್ಮ ನಗು ಹಾಗೆಯೇ ಕೆಳಗಿಳಿದು ಬರಲಿ.

ಬಾಗಿಲಲ್ಲಿ ಕಾಯುತ್ತಿರುವ,
ನಿಮ್ಮ ಇನ್‌ಸ್ಪೆಕ್ಟರಮ್ಮ