ಬ್ರೌಸರಿನ ಕಸ

ಜೂನ್ 10, ಸೋಮವಾರ

ಇವತ್ತೂ ಅಂಜನಾ ಅರ್ಧಕ್ಕೇ ಎದ್ದು ಹೋದಳು. ಕಲಬುರಗಿಯ ಪ್ಯಾರಾಮೆಡಿಕಲ್ ಕಾಲೇಜಿನ ಪುಟ — ಲೋಗೋ ಬಂತು, ಆಮೇಲೆ ಚಕ್ರ ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಅವಳೂರು ಸಗರದ ಬಸ್ಸಿನ ಹೊತ್ತು. ಟೈಪಿಂಗ್ ಕ್ಲಾಸಿಗೂ ಬಸ್ಸಿಗೂ ನಡುವಿನ ಸ್ವಲ್ಪ ಸಮಯವಷ್ಟೇ ಅವಳದು. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರುವ ಆಸೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಣ್ಣ ದೇವು ಸೈದಾಪುರದ ಕಡೆ ತಾನು ದುಡಿಯುವ ಕಾರ್ಖಾನೆಯಲ್ಲೇ ಅವಳಿಗೆ ಪ್ಯಾಕಿಂಗ್ ಕೆಲಸ ಗೊತ್ತು ಮಾಡಿದ್ದಾನೆ.

"ಮೇಡಂ, ಇದು ತಗಿಯೋದ್ರಾಗ ನಾನು ಕಲಬುರಗಿಗೆ ಹೋಗಿ ಬರ್ತಿದ್ದೆ ನೋಡ್ರಿ," ಅಂದಳು ಚಪ್ಪಲಿ ಮೆಟ್ಟುತ್ತ.

ಶಹಾಪುರದ ಈ ವಾಚನಾಲಯ ನನ್ನ ಕೈಯಲ್ಲಿದೆ. ಇಂಟರ್ನೆಟ್ ಲೈನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಬ್ರೌಸರ್ ನೋಡಬಹುದು. ನೋಡುತ್ತೇನೆ.

ಜೂನ್ 11, ಮಂಗಳವಾರ, ಬೆಳಿಗ್ಗೆ

ಬೇಗ ಬಂದೆ. ಕಾರಣ ಸಿಕ್ಕಿತು!

ನಮ್ಮ ಕಸ ಗುಡಿಸುವ ಸಾವಿತ್ರಿಬಾಯಿ ನೆಲ ಗುಡಿಸಿ, ಊದಿನಕಡ್ಡಿ ಹಚ್ಚಿ, ಆಮೇಲೆ ಒಂದೊಂದೇ ಕಂಪ್ಯೂಟರ್ ಮುಂದೆ ಕೂತು ಬ್ರೌಸರಿನಲ್ಲಿ ಇದ್ದದ್ದೆಲ್ಲ ಅಳಿಸುತ್ತಾರೆ. ದಿನವೂ. ಎಲ್ಲ ಚೌಕಕ್ಕೂ ಟಿಕ್.

"ಯಾಕ್ರಿ ಸಾವಿತ್ರಿಬಾಯಿ?"

"ನಿನ್ನಿ ಕಸ ಹಂಗೇ ಬಿಡಾಕ ಬರ್ತದೇನ್ರಿ? ತಗದ್ರ ಮಷೀನು ಹಗುರ ಆಗ್ತದ. ಹಳೇ ಮೇಡಂ ಕಲಿಸ್ಯಾರ."

ಒಮ್ಮೆ ತೆರೆದ ಪುಟದ ಚಿತ್ರಗಳನ್ನೆಲ್ಲ ಬ್ರೌಸರ್ ತನ್ನ ಬಳಿ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಮತ್ತೆ ತರಿಸಬೇಕಾಗದಂತೆ. ಅದೇ ಕ್ಯಾಶ್. ನಾವು ಬೆಳಿಗ್ಗೆ ಅದನ್ನು ಗುಡಿಸಿ ಹಾಕಿ, ಸಂಜೆ ಈ ಸಣಕಲು ಲೈನಿನಲ್ಲಿ ಅದನ್ನೇ ಮತ್ತೆ ಎಳೆದು ತರುತ್ತಿದ್ದೇವೆ.

ನಾಳೆಯಿಂದ ಅಳಿಸುವುದು ಬಂದ್ ಅಂದೆ. "ನನ್ನ ಕೆಲಸ ಕಸಗೊಂಡ್ರಿ ಬಿಡ್ರಿ," ಅಂದರು. ನಗುತ್ತಲೇ ಅಂದರೋ... ಗೊತ್ತಾಗಲಿಲ್ಲ.

ಜೂನ್ 13, ಗುರುವಾರ

ಪುಟಗಳು ಹಾರಿ ಬರುತ್ತಿವೆ. ಅಂಜನಾ ಅರ್ಜಿ ತುಂಬಿ ಕಳಿಸಿಯೇಬಿಟ್ಟಳು. ಆಮೇಲೆ ಅಲ್ಲಿನ ಹುಡುಗಿಯರ ಹಾಸ್ಟೆಲಿನ ಪುಟ. ಮತ್ತೆ ಮತ್ತೆ ಅದೇ. ಕೋಣೆ, ಕಿಟಕಿ, ಮಂಚ.

"ಮಾಟ ಮಾಡಿಸಿರೇನ್ರಿ ಮೇಡಂ ಇದಕ್ಕ?"

ತನ್ನನ್ನು ತಾನೇ ಇಷ್ಟು ಮೆಚ್ಚಿಕೊಳ್ಳುವುದು ಸರಿಯೇ? ಇರಲಿ. ಚೆನ್ನಾಗಿ ಮಾಡಿದೆ.

ಜೂನ್ 18, ಮಂಗಳವಾರ, ಸಂಜೆ

ದೇವು ಬಂದ. ಅವನಿಗೆ ವಾರದ ರಜೆ. ಪಿಎಫ್ ನೋಡಿಕೊಳ್ಳಲು ಬರುತ್ತಾನೆ. ಕೂತದ್ದು ಕಿಟಕಿ ಪಕ್ಕ, ತಂಗಿ ಕೂರುವ ಕಂಪ್ಯೂಟರಿಗೇ. ಬ್ರೌಸರ್ ತೆರೆದ ಕೂಡಲೇ ಹೆಚ್ಚು ನೋಡಿದ ಪುಟಗಳ ಸಾಲು. ಮೊದಲನೆಯದೇ ಆ ಹಾಸ್ಟೆಲ್.

"ಮೇಡಂ, ಇದನ್ನ ಯಾರು ನೋಡ್ಯಾರ್ರಿ?"

"ನಾನು."

"ನೀವು? ಹುಡುಗ್ಯಾರ ಹಾಸ್ಟೆಲ್?"

"ಯಾಕ, ನಾನು ಹುಡುಗಿ ಹಂಗ ಕಾಣಂಗಿಲ್ಲೇನು?"

ಕೂತವರೆಲ್ಲ ನಕ್ಕರು. ದೇವು ನಗಲಿಲ್ಲ. ಪಿಎಫ್ ನೋಡದೆ ಎದ್ದು ಹೋದ.

ನಾನು ಯೋಚಿಸಿದ್ದು ವೇಗವೊಂದನ್ನೇ. ಅದು ಹತ್ತು ಜನ ಕೂತು ಏಳುವ ಕುರ್ಚಿ ಎಂಬುದನ್ನಲ್ಲ.

ಜೂನ್ 19, ಬುಧವಾರ

ಸಾವಿತ್ರಿಬಾಯಿಯವರನ್ನು ಪಕ್ಕ ಕೂರಿಸಿಕೊಂಡೆ. ನೋಡಿದ ಪುಟಗಳ ಇತಿಹಾಸ — ಅಳಿಸಬೇಕು. ಕುಕೀ — ಅಳಿಸಬೇಕು, ಯಾರ ಲಾಗಿನ್ನೂ ಉಳಿಯಬಾರದು. ಕ್ಯಾಶ್ — ಮುಟ್ಟಬಾರದು.

"ಅಂದ್ರ ಕಸ ತಗೀಬೇಕು, ಕಾಳು ಬಿಡಬೇಕು. ಇಷ್ಟಕ್ಕ ಒಂದು ವಾರ ನನ್ನ ಸುಮ್ನ ಕುಂದ್ರಿಸಿದ್ರಿ!"

ಪರೀಕ್ಷಿಸಿದೆ. ವೇಗ ಹಾಗೇ ಇದೆ, ಗುರುತು ಉಳಿಯುವುದಿಲ್ಲ. ಇದು ಸರಿಯಾಗಿದೆ, ಖಂಡಿತ. ಆದರೆ ದೇವು ನೋಡಿದ್ದನ್ನು ಅಳಿಸಲು ಯಾವ ಚೌಕವೂ ಇಲ್ಲ.

ಅಂಜನಾ ಬರಲಿಲ್ಲ.

ಜೂನ್ 25, ಮಂಗಳವಾರ

ಕಾಲೇಜಿನ ಪಟ್ಟಿಯಲ್ಲಿ ಅಂಜನಾಳ ಹೆಸರಿದೆ. ಸೀಟು ಖಾತ್ರಿ ಮಾಡಲು ಇವತ್ತೇ ಕೊನೆಯ ದಿನ. ಇಷ್ಟು ದಿನವೂ ಅಂಜನಾಳ ಸುಳಿವಿಲ್ಲ. ಫೋನ್ ಮಾಡಲೇ ಅಂದುಕೊಂಡೆ — ಅಣ್ಣನೇ ಎತ್ತಿದರೆ?

ನಾಲ್ಕಕ್ಕೆ ದೇವು ಬಂದ.

"ಆ ಹಾಸ್ಟೆಲಿನ ಪುಟ ತಗೀರಿ ಮೇಡಂ. ನಂಬರ್ ಬೇಕಾಗ್ಯದ."

"ಅಂಜನಾ ಬಂದು ಕೇಳಲಿ, ತಗೀತೀನಿ."

"ನೀವು ನೋಡಿದ್ದಂದ್ರಿ?"

ಸಿಕ್ಕಿಬಿದ್ದೆ. ಆದರೂ ಮೌಸ್ ಮುಟ್ಟಲಿಲ್ಲ.

"ಆ ಕಾರ್ಖಾನ್ಯಾಗ ದಿನಾ ನಿಂತು ನಿಂತು ನನ್ನ ಕಾಲು ಬಾತಿದ್ದು ನನಗ ಗೊತ್ತಿಲ್ಲೇನ್ರಿ?" ಅವನ ದನಿ ಏರಿತು. "ಬ್ಯಾರೆ ದಾರಿ ಅದ ಅಂತ ಗೊತ್ತಿದ್ರ ಆಕಿನ್ನ ಅಲ್ಲಿಗೆ ಯಾಕ ಎಳೀತಿದ್ದೆ? ನಿಮಗ ಹೇಳ್ಯಾಳ. ನಾ ಕೇಳೋತನಾ ನನಗ ಹೇಳಿಲ್ಲ."

"ಕರಕೊಂಡು ಬಾ ಆಕಿನ್ನ."

"ಹೊರಗ ನಿಂತಾಳ್ರಿ." ಬಾಗಿಲ ಕಡೆ ತಿರುಗಿ ಕೂಗಿದ, "ಏ ಬಾರವ್ವ ಒಳಗ! ನಿಮ್ಮ ಮೇಡಂ ನನ್ನ ಕಳ್ಳನಂಗ ನೋಡಾಕತ್ಯಾರ!"

ಅಂಜನಾ ಸೀದಾ ಕಿಟಕಿ ಪಕ್ಕ ಹೋಗಿ ಕೂತಳು. ಕಾಲೇಜಿನ ಪುಟದ ವಿಳಾಸ ಪೂರ್ತಿ ತಾನೇ ಟೈಪ್ ಮಾಡಿದಳು. ಬ್ರೌಸರ್ ಒಂದಕ್ಷರವನ್ನೂ ಎತ್ತಿಕೊಡಲಿಲ್ಲ. ದೇವು ಸ್ಟೂಲು ಎಳೆದುಕೊಳ್ಳುವಷ್ಟರಲ್ಲಿ ಪುಟ ಬಂದಿತ್ತು. ನಾನು ಟೇಬಲ್ಲಿಗೆ ವಾಪಸಾದೆ. ಇಲ್ಲಿ ನನ್ನ ಕೆಲಸವಿಲ್ಲ.

ಬರೆಯುತ್ತಿರುವಾಗಲೇ ಕೇಳಿಸುತ್ತಿದೆ —

"ನನ್ನ ಮಾರಿ ಏನ್ ನೋಡ್ತಿ? ಖಾತ್ರಿ ಅಂತ ಒತ್ತು."

ಒತ್ತಿದಳು. ಇಬ್ಬರೂ ಪರದೆಗೆ ಬಗ್ಗಿದ್ದಾರೆ. ಈಗ ಅಂಜನಾ ಇತ್ತ ತಿರುಗಿ — "ಸೀಟು ಆತ್ರಿ ಮೇಡಂ!"