ಬಿಸಿಲು ಬರುವವರೆಗೆ ನಿದ್ದೆ

ಅವ್ವಾ,

ನೀನು ತೀರಿಕೊಂಡ ಮೇಲೆ ನನಗೂ ನಿನ್ನಂತೆಯೇ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಯಿತು. ಗಾಯ ಮಾಯ್ದರೂ ಕಂಕುಳಿನ ನೋವು ನಿದ್ದೆ ಕೊಡುತ್ತಿರಲಿಲ್ಲ. ತಿಪಟೂರಿನ ಫಿಸಿಯೋಥೆರಪಿ ಮೇಡಂ ಹೇಳಿದಂತೆ ದಿನಾ ಗೋಡೆಗೆ ಬೆರಳೂರಿ ಎಡಗೈಯನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುತ್ತೇನೆ, ತೆಂಗಿನ ತೋಟದ ಸುತ್ತ ನಡೆಯುತ್ತೇನೆ.

ಇವತ್ತು ನಾದಿನಿ ಕೋಮಲಾ ಬಂದು ಎಬ್ಬಿಸಿದಳು. "ಏಳತ್ತಿಗೆ, ಬಿಸ್ಲು ಬಂದೈತೆ. ಡೈರಿಗೆ ಹಾಲು ನಾನೇ ಹಾಕ್ಬಂದೆ ಬುಡು."

ರಾತ್ರಿಯೆಲ್ಲ ಒಂದೇ ನಿದ್ದೆ ಮಾಡಿದ್ದೆ. ಮೇಡಂಗೆ ಫೋನ್ ಮಾಡಿ ಹೇಳಿದೆ.

"ನಿಮ್ಮ ತಾಯಿಗೂ ಆಪರೇಷನ್ ಆದ್ಮೇಲೆ ಹಿಂಗೇ ಕೈ ವ್ಯಾಯಾಮ ಮಾಡಿಸ್ತಿದ್ರಾ?" ಎಂದು ಕೇಳಿದರು.

"ಇಲ್ಲ ಮೇಡಂ, ಕೈ ಅಲ್ಲಾಡಿಸೋಕೂ ಬಿಡ್ತಿರಲಿಲ್ಲ. ಅನ್ನಾನೂ ನಾನೇ ಕಲಸಿ ತಿನ್ನಿಸ್ತಿದ್ದೆ. ಭಾಳ ಜೋಪಾನ ಮಾಡಿದ್ವಿ" ಎಂದೆ.

ಅಷ್ಟು ಜೋಪಾನದಲ್ಲೂ ನೀನು ನೋವಿಗೆ ಬೆಳಗಾಗುವವರೆಗೂ ಎದ್ದು ಕೂತಿರುತ್ತಿದ್ದುದನ್ನು ಮಾತ್ರ ಅವರಿಗೆ ಹೇಳಲಿಲ್ಲ.

ವನಜಾ